ಒಂದು ವಾಕ್ಯ ಬಾಯಲ್ಲಿರಲಿ, ಮಗಳೇ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನ್ ಇಡುವ ಮುಂಚೆ ನೀನು ಹೇಳಿದ ಮಾತು ನನಗೆ ನಿದ್ದೆ ಬರಗೊಡಲಿಲ್ಲ. "ಅವ್ವಾ, ಬೈಬಲ್ ಓದಿದರೆ ಈಗ ಏನೂ ಅನ್ನಿಸೋದೇ ಇಲ್ಲ, ಅದಕ್ಕೇ ಬಿಟ್ಟುಬಿಟ್ಟೆ" ಅಂದೆ. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು ಅಂತ ಓಡಿದೆ. ನಾನು ಬೈಯುತ್ತೇನೆ ಅಂದುಕೊಂಡೆಯೇನೋ. ಬೈಯುವುದಿಲ್ಲ. ಸುಮ್ನೆ "ಹೂಂ, ಓದ್ತಿದ್ದೇನೆ" ಅಂದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ನಿಜ ಹೇಳಿದೆಯಲ್ಲ, ಅದು ದೊಡ್ಡದು. ಮಾತಿನಲ್ಲಿ ಹೇಳಲು ಹೋದರೆ ನನಗೆ ಅಳು ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಮೊಬೈಲಿನ ಆ ಪಟ್ಟಿ ತೆಗೆದುಹಾಕು. ಒಂದು ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುತ್ತೇನೆ ಅಂತ ಜನವರಿಯಲ್ಲಿ ಶುರು ಮಾಡಿದೆ, ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬಂದು ನಿಂತೆ, ಈಗ 19 ದಿನದ ಬಾಕಿ ಇದೆ, ಬೆಳಿಗ್ಗೆ ಎದ್ದರೆ ಅದೇ ಬಾಕಿ ಕಣ್ಣಿಗೆ ಬೀಳುತ್ತದೆ. ಸಾಲ ಕೊಟ್ಟವರ ಓಣಿಯಲ್ಲಿ ಹಾಯಲು ಯಾರಿಗೆ ಮನಸ್ಸು ಬರುತ್ತದೆ, ಹೇಳು? ವಿಮೋಚನಕಾಂಡದ 16ನೇ ಅಧ್ಯಾಯ ನೀನು ಭಾನುವಾರ ಶಾಲೆಯಲ್ಲೇ ಕಲಿತಿದ್ದೀಯ. ಅರಣ್ಯದಲ್ಲಿ ದೇವರು ಇಸ್ರಾಯೇಲರಿಗೆ ಸುರಿಸಿದ ಆಹಾರ ಮನ್ನ, ಅದನ್ನು ಆಯಾ ದಿನದ್ದು ಆಯಾ ದಿನ ಕೂಡಿಸಬೇಕು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು. ಉಳಿದ ದಿನ ನಾಳೆಗಿರಲಿ ಅಂತ ಇಟ್ಟುಕೊಂಡದ್ದು ಹುಳ ಬಿದ್ದು ನಾತ ಹಿಡಿಯಿತು. ಆದರೆ ನಿನ್ನೆ ಕೂಡಿಸದೆ ಇದ್ದವರು ಇವತ್ತು ನಿನ್ನೆಯದನ್ನೂ ಸೇರಿಸಿ ತರಬೇಕು ಅಂತ ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ, ಬೇಕಾದರೆ ನೋಡು. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅಂತಲೇ ಇದೆ. ಈ ಹೊತ್ತು. ಹೋದ 19 ದಿನ ಹೋಯಿತು.

ಇನ್ನು, ಏನೂ ಅನ್ನಿಸೋದಿಲ್ಲ ಅನ್ನುವ ಮಾತು.

ಬೆಟಗೇರಿಯ ಮನೆಯಲ್ಲಿ ನಿನ್ನ ಅಜ್ಜಿ ಕಂಡಿಕೆಗೆ ನೂಲು ಸುತ್ತುವಾಗ ಬಾಯಲ್ಲಿ ಏನೋ ಅಂದುಕೊಳ್ಳುತ್ತಲೇ ಇರುತ್ತಿದ್ದಳು. ಮಗ್ಗದ ಸಪ್ಪಳದಲ್ಲಿ ನಮಗೆ ಕೇಳಿಸುತ್ತಿರಲಿಲ್ಲ. ಒಮ್ಮೆ ಹತ್ತಿರ ಹೋಗಿ ಕಿವಿಗೊಟ್ಟರೆ ಅದೇ ವಾಕ್ಯ, ಬೆಳಿಗ್ಗೆ ಮನೆಪ್ರಾರ್ಥನೆಯಲ್ಲಿ ಓದಿದ್ದು, ಮತ್ತೆ ಮತ್ತೆ ಅದೇ. ವಯಸ್ಸಾಯಿತು, ಅದಕ್ಕೆ ಹೀಗೆ ಅಂದುಕೊಂಡಿದ್ದೆ ನಾನು. ಆಮೇಲೆ ಬಹಳ ವರ್ಷ ಕಳೆದು ಪುಣೆಯಲ್ಲಿ ನಮ್ಮ ಚರ್ಚಿನ ಅಯ್ಯನವರು ಬೈಬಲ್ ಕ್ಲಾಸಿನಲ್ಲಿ ಒಂದನೇ ಕೀರ್ತನೆ ತೆಗೆದರು. ಹಗಲಿರುಳು ಧ್ಯಾನಿಸುವವನು ಧನ್ಯನು ಅಂತ ಬರುತ್ತದಲ್ಲ, ಆ 'ಧ್ಯಾನ'ಕ್ಕೆ ಮೂಲದ ಇಬ್ರಿಯ ಭಾಷೆಯಲ್ಲಿ, ಹೀಬ್ರೂ ಅಂತಾರಲ್ಲ, ಅದರಲ್ಲಿ 'ಹಾಗಾ' ಅನ್ನುವ ಮಾತಿದೆಯಂತೆ. ಮೆಲ್ಲಗೆ ಗುನುಗುವುದು ಅಂತ ಅದರ ಅರ್ಥ. ಪ್ರವಾದಿ ಯೆಶಾಯನ ಪುಸ್ತಕದ 31ನೇ ಅಧ್ಯಾಯದಲ್ಲಿ ಸಿಂಹ ತನ್ನ ಬೇಟೆಯ ಮೇಲೆ ಗುರುಗುಟ್ಟುತ್ತದೆ, 38ರಲ್ಲಿ ಪಾರಿವಾಳ ನರಳುತ್ತದೆ, ಎರಡು ಕಡೆಯೂ ಇದೇ ಮಾತು. ನಾವು ಧ್ಯಾನ ಅಂದ ಕೂಡಲೇ ಕಣ್ಣು ಮುಚ್ಚಿ ಒಳಗೆ ಏನಾದರೂ ಆಗಲಿ ಅಂತ ಕಾಯುತ್ತೇವೆ. ಅಜ್ಜಿ ಕಾಯುತ್ತಿರಲಿಲ್ಲ. ಅವಳ ಧ್ಯಾನ ಬಾಯಲ್ಲಿತ್ತು, ಕೈ ಕೆಲಸ ಮಾಡುತ್ತಿತ್ತು.

ನಿನಗೆ ಆಗುವುದೂ ಇದೇ ಮಗಳೇ. ಬೆಳಿಗ್ಗೆ 8ರ ಲೋಕಲ್‌ನಲ್ಲಿ ಲೇಡೀಸ್ ಡಬ್ಬಿಯಲ್ಲಿ ಒಂದು ಕಾಲು ಊರಲು ಜಾಗ ಸಿಕ್ಕರೆ ಪುಣ್ಯ, ಅಲ್ಲಿ ಪುಸ್ತಕ ಎಲ್ಲಿ ಬಿಚ್ಚುತ್ತೀಯ? ಆದರೆ ಒಂದು ವಾಕ್ಯ ಬಾಯಲ್ಲಿ ಹಿಡಿಸುತ್ತದೆ. ಆಷಾಢದಲ್ಲಿ ದೇಹುವಿನಿಂದ ಸಂತ ತುಕಾರಾಮರ ಪಾಲಖಿ ಮೆರವಣಿಗೆ ಹಳೇ ಮುಂಬೈ ರಸ್ತೆಯಲ್ಲಿ ಬರುವಾಗ ನೀನೂ ನಾನೂ ಎಷ್ಟು ಸಲ ನಿಂತು ನೋಡಿದ್ದೇವೆ. ಆ ಜನ ಪಂಢರಪುರದ ತನಕ ಬಾಯಲ್ಲಿ ಅಭಂಗದ ಹಾಡು ಇಟ್ಟುಕೊಂಡೇ ನಡೆಯುತ್ತಾರೆ. ಅವರ ನಂಬಿಕೆ ಬೇರೆ, ನಮ್ಮದು ಬೇರೆ, ಆದರೂ ಅವರನ್ನು ನೋಡಿದಾಗಲೆಲ್ಲ ನನಗೆ ಧರ್ಮೋಪದೇಶಕಾಂಡದ ಮಾತು ನೆನಪಾಗುತ್ತದೆ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಈ ಮಾತುಗಳನ್ನು ಆಡುತ್ತಿರಬೇಕು ಅಂತ ಅಲ್ಲಿದೆ. ನಾಲ್ಕೂ ಮಾಮೂಲಿ ಹೊತ್ತುಗಳು.

ಕನ್ನಡದಲ್ಲೇ ಓದು, ಇದೊಂದು ನನ್ನ ಹಟ. ಇಡೀ ಸತ್ಯವೇದ 1831ರಲ್ಲೇ ಕನ್ನಡದಲ್ಲಿ ಬಂದಿದೆ, ನಿನ್ನ ಅಜ್ಜಿಯ ಅಜ್ಜಿಯೂ ಕನ್ನಡದಲ್ಲೇ ಕೇಳಿದವಳು. ಇಂಗ್ಲಿಷಿನಲ್ಲಿ 'ಶೆಫರ್ಡ್' ಅಂತ ಓದಿದರೆ ನಿನ್ನ ಕಣ್ಣಿಗೆ ಕ್ಯಾಲೆಂಡರಿನ ಚಿತ್ರ ಬರುತ್ತದೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ಓದಿದರೆ? ನೀನು ಚಿಕ್ಕವಳಿದ್ದಾಗ ರಜೆಗೆ ಊರಿಗೆ ಹೋದಾಗ ಹೊಲದಲ್ಲಿ ಕುರಿ ತರುಬಿದ್ದರು, ನೆನಪಿದೆಯಾ? ರಾತ್ರಿ ಆ ಕುರುಬಣ್ಣ ಕಂಬಳಿ ಹೊದ್ದು ಕುರಿಗಳ ನಡುವೆಯೇ ಮಲಗಿದ್ದ. ನೀನು "ಅವನಿಗೆ ಮನೆ ಇಲ್ವಾ ಅವ್ವಾ" ಅಂತ ಕೇಳಿದ್ದೆ. ಅಪ್ಪ ಹೇಳಿದರು, ಮನೆ ಇದೆ, ಆದರೆ ಕುರಿ ಇಲ್ಲಿವೆಯಲ್ಲ. ನನಗೆ ಆ 23ನೇ ಕೀರ್ತನೆ ಈಗಲೂ ಆ ಹೊಲದಲ್ಲೇ ಇದೆ.

ಎಷ್ಟು ಓದಬೇಕು ಅಂತ ಕೇಳುತ್ತೀಯ. ಕಡಿಮೆ ಓದು. ಮಾರ್ಕನ ಸುವಾರ್ತೆಯಿಂದ ಶುರು ಮಾಡು, 16 ಅಧ್ಯಾಯ ಅಷ್ಟೇ, ದಿನಕ್ಕೆ ಒಂದು ಕಥೆ ಸಾಕು, ಗಟ್ಟಿಯಾಗಿ, ಎರಡು ಸಲ. 10ನೇ ಅಧ್ಯಾಯವನ್ನು ನಾನು ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ. ಹೋದ ವರ್ಷ ಈಸ್ಟರಿನ ಮುಂಚಿನ ಶ್ರಮದಿನಗಳಲ್ಲಿ ನಿಧಾನವಾಗಿ ಓದುವಾಗ ಒಂದು ವಿಷಯ ಕಂಡಿತು. ಶಿಷ್ಯರಾದ ಯಾಕೋಬ ಯೋಹಾನರು ಬಂದು ನಾವು ಕೇಳಿದ್ದನ್ನು ಮಾಡಬೇಕು ಅಂದಾಗ ಯೇಸು ಕೇಳುತ್ತಾನೆ, ನಾನು ನಿಮಗೆ ಏನು ಮಾಡಬೇಕು? ಅವರು ನಿನ್ನ ಬಲಕ್ಕೆ ಒಬ್ಬ, ಎಡಕ್ಕೆ ಒಬ್ಬ ಕೂರಬೇಕು ಅನ್ನುತ್ತಾರೆ. ಅದೇ ಅಧ್ಯಾಯದ ಕೊನೆಗೆ ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗುತ್ತಾನೆ, ಯೇಸು ಅವನಿಗೂ ಅದೇ ಪ್ರಶ್ನೆ ಕೇಳುತ್ತಾನೆ. ಅವನು ಕಣ್ಣು ಕೇಳಿದ. ಆಮೇಲೆ 15ನೇ ಅಧ್ಯಾಯಕ್ಕೆ ಹೋದರೆ ಶಿಲುಬೆಯ ಬಲಕ್ಕೆ ಒಬ್ಬ, ಎಡಕ್ಕೆ ಒಬ್ಬ ಕಳ್ಳರು. ನನ್ನ ಕೈ ಪುಸ್ತಕದ ಮೇಲೇ ನಿಂತಿತು. ಅವತ್ತು ಡ್ಯೂಟಿಗೆ ಹೋಗಿ, ಯಾವ ಪೇಶಂಟ್ ಹತ್ತಿರ ಹೋದರೂ "ಏನು ಮಾಡಲಿ ನಿಮಗೆ?" ಅಂತ ಕೇಳಿದೆ. 26 ವರ್ಷ ನರ್ಸ್ ಆಗಿ ಅದನ್ನು ಅಷ್ಟು ನಿಂತು ಕೇಳಿರಲಿಲ್ಲ ನಾನು. ಒಬ್ಬ ಮುದುಕಿ ತಲೆ ಬಾಚಿಕೊಡು ಅಂದಳು.

ಓದಿದ್ದು ಕೈಗೆ ಬರಬೇಕು. ಇದನ್ನು ನಾನು ನೋವಿನಿಂದಲೇ ಕಲಿತೆ. ನಿನ್ನ ಚಿಕ್ಕಮ್ಮನಿಗೂ ನನಗೂ ಬೆಟಗೇರಿ ಮನೆಯ ಪಾಲಿನ ವಿಷಯಕ್ಕೆ ಎರಡು ವರ್ಷ ಮಾತಿರಲಿಲ್ಲ. ನಿನಗೆ ಆಗ ನಾವು ಏನೂ ಹೇಳಲಿಲ್ಲ. ದಿನವೂ ರಾತ್ರಿ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ "ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನುವ ಕಡೆ ಬಂದರೆ ನನ್ನ ದನಿ ಕೆಳಗಿಳಿಯುತ್ತಿತ್ತು. ನಾನೂ ಆಗ ಓದಿದರೆ ಏನೂ ಅನ್ನಿಸೋದಿಲ್ಲ ಅಂತಿದ್ದೆ, ಆದರೆ ನನ್ನ ವಿಷಯದಲ್ಲಿ ಒಂದು ವಾಕ್ಯ ಜೋರಾಗಿಯೇ ಕೇಳಿಸುತ್ತಿತ್ತು, ಅದನ್ನು ಬಿಟ್ಟು ಬೇರೆ ಏನಾದರೂ ಕೇಳಿಸಲಿ ಅಂತ ಪುಟ ತಿರುವುತ್ತಿದ್ದೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಒಂದಾಗು ಅಂತ ಇದೆಯಲ್ಲ, ಅದು. ಒಂದು ಭಾನುವಾರ ಆರಾಧನೆಯಲ್ಲಿ ರೊಟ್ಟಿ ದ್ರಾಕ್ಷಾರಸ ತಗೊಳ್ಳುವ ಕರ್ತನ ಭೋಜನಕ್ಕೆ ಎದ್ದವಳು ಹೊರಗೆ ಬಂದು ಚರ್ಚಿನ ಬೇವಿನ ಮರದ ಕೆಳಗಿಂದ ಫೋನ್ ಮಾಡಿದೆ. ಅವಳು ಕಟ್ ಮಾಡಿದಳು. ಮುಂದಿನ ವಾರ ಮತ್ತೆ ಮಾಡಿದೆ, ಎತ್ತಿದಳು. ಮೊದಲಿನಂತೆ ಇನ್ನೂ ಆಗಿಲ್ಲ. ಹಬ್ಬಕ್ಕೆ ಮಾತಾಡುತ್ತೇವೆ.

ಇಷ್ಟೆಲ್ಲ ಮಾಡಿದರೂ ಒಣ ದಿನಗಳು ಇರುತ್ತವೆ. ಅಜ್ಜಿ ತೀರಿಕೊಂಡ ಮೇಲೆ ನನಗೆ ಎಂಟು ತಿಂಗಳು ಹಾಗಿತ್ತು. ರಾತ್ರಿಪಾಳಿ ಮುಗಿಸಿ ಬಂದು, ಚಹಾ ಇಟ್ಟು, ಅದು ಕುದಿಯುವ ತನಕ ಕೀರ್ತನೆ ಓದುತ್ತಿದ್ದೆ, ಗೋಡೆಗೆ ಹೇಳಿದ ಹಾಗೆ. ಒಂದು ದಿನ 88ನೇ ಕೀರ್ತನೆ ಬಂತು. ಬೇರೆ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಎಲ್ಲೋ ಒಂದು ಕಡೆ ನಂಬಿಕೆಯ ಮಾತಿಗೆ ತಿರುಗುತ್ತವೆ, ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೆ ಶುರುವಿನಲ್ಲಿ ಅವನು "ನನ್ನನ್ನು ರಕ್ಷಿಸುವ ದೇವರೇ" ಅಂತ ಕರೆದೇ ಮಾತು ತೆಗೆಯುತ್ತಾನೆ. ಏನೂ ಅನ್ನಿಸದವನ ಮಾತನ್ನೂ ಸತ್ಯವೇದದ ಒಳಗೆ ಇಟ್ಟಿದ್ದಾರೆ ಮಗಳೇ. ನೀನು ಹೊರಗಿನವಳಲ್ಲ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ದೌಂಡ್ ಗಾಡಿಯಲ್ಲಿ ಕೇಡಗಾಂವಿಗೆ ಹೋಗಿದ್ದೆವು, ಪಂಡಿತಾ ರಮಾಬಾಯಿಯವರು ದಿಕ್ಕಿಲ್ಲದ ಹೆಂಗಸರಿಗಾಗಿ ಕಟ್ಟಿದ ಮುಕ್ತಿ ಮಿಷನ್ ನೋಡಲು. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರ ತಾಯಿ ನಸುಕಿನಲ್ಲೇ ಎಬ್ಬಿಸಿ ಬಾಯಿಪಾಠ ಹೇಳಿಕೊಡುತ್ತಿದ್ದರಂತೆ. ಅದೇ ರಮಾಬಾಯಿ ಮುಂದೆ ಇಬ್ರಿಯ, ಗ್ರೀಕ್ ಕಲಿತು, ಬರಗಾಲದಲ್ಲಿ ಬಂದ ನೂರಾರು ಹೆಣ್ಣುಮಕ್ಕಳ ಊಟ, ಕಾಯಿಲೆ ಎಲ್ಲ ನೋಡಿಕೊಳ್ಳುತ್ತಾ, ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ಸತ್ಯವೇದವನ್ನು ತಂದರು. ಅಚ್ಚುಮೊಳೆ ಜೋಡಿಸಿದ್ದೂ ಅಲ್ಲಿನ ಹೆಂಗಸರೇ. 1922ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ. ಅವರಿಗೆ ದಿನವೂ ಏನಾದರೂ ಅನ್ನಿಸಿರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಏನೂ ಅನ್ನಿಸದ ದಿನವೂ ಕೂತಿರುತ್ತಾರೆ.

ನಿನ್ನನ್ನು ನಸುಕಿನಲ್ಲಿ ಎಬ್ಬಿಸಲು ನಾನು ಅಲ್ಲಿಲ್ಲ. ಹಾಗಾಗಿ ಭಾನುವಾರ ರಾತ್ರಿ 9ಕ್ಕೆ ಫೋನ್ ಮಾಡುತ್ತೇನೆ. ಅಜ್ಜಿಯ ಸತ್ಯವೇದವನ್ನು ಶೇಂಗಾ ಚಟ್ನಿ, ರೊಟ್ಟಿಯ ಜೊತೆ ಅಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ, ಶನಿವಾರ ಬರುತ್ತಾರೆ. ಬೆನ್ನು ಹರಿದಿದೆ, ಮೆಲ್ಲಗೆ ತೆಗೆ. ಮಾರ್ಕನ ಮೊದಲ ಕಥೆ ನೀನು ಓದು, ನಾನು ಕೇಳುತ್ತೇನೆ.

ನಿನ್ನ ಅವ್ವ,
ಖಡಕಿ, ಪುಣೆ