ಹಾರ್ಮೋನಿಯಂಗೂ ಒಂದು ಕಾಲದಲ್ಲಿ ಬಹಿಷ್ಕಾರ ಇತ್ತು

ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ಓದುಗರ ಪತ್ರಗಳಲ್ಲಿ ಹಿರಿಯರೊಬ್ಬರು ಸಿಟ್ಟಿನಿಂದ ಬರೆದಿದ್ದರು. ಅವರ ಊರಿನ ದೇವಸ್ಥಾನದ ಹಬ್ಬದಲ್ಲಿ ಹುಡುಗರು ಎಲೆಕ್ಟ್ರಿಕ್ ಗಿಟಾರ್ ಹಿಡಿದು ದಾಸರ ಪದ ಹಾಡಿದರಂತೆ. ದೇವರ ಹಾಡಿಗೆ ಹಾರ್ಮೋನಿಯಂ, ತಬಲಾ ಸಾಕು, ರಾಕ್ ಅಂದರೆ ಬರೀ ಗಲಾಟೆ, ಎರಡನ್ನೂ ಕಲಸಬೇಡಿ ಅಂತ ಅವರ ವಾದ. ಅವರ ಮೇಲೆ ನನಗೇನೂ ಕೋಪ ಇಲ್ಲ. ಎರಡು ವರ್ಷದ ಹಿಂದೆ ನನ್ನನ್ನು ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಹೋದ ಮಳೆಗಾಲದಲ್ಲಿ ಒಂದು ಆಲ್ಬಂ ಕೇಳಿದೆ. ಅದರ ವಿಷಯ ನಾಲ್ಕು ಮಾತು ಬರೆಯೋಣ ಅನ್ನಿಸಿತು.

ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ವಿರಾಜಪೇಟೆಯಿಂದ ಆಚೆ ಇರುವ ನಮ್ಮ ತೋಟದ ಮನೆಯಲ್ಲಿ ಮೂರು ದಿನದಿಂದ ಕರೆಂಟ್ ಇರಲಿಲ್ಲ, ಲೈನ್ ಮೇಲೆ ಮರ ಬಿದ್ದಿತ್ತು, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಬೆಂಗಳೂರಿಂದ ಬಂದಿದ್ದ ತಂಗಿ ಮಗ ಫೋನಿನಲ್ಲಿದ್ದ ಹಾಡುಗಳನ್ನು ಒಂದು ಪುಟ್ಟ ಸ್ಪೀಕರಿಗೆ ಹಾಕಿಕೊಂಡು ಕೂತಿದ್ದ. 'ಮಾವ, ಇದು ಕೇಳಿ, ದೇವರ ಹಾಡು' ಅಂದ. ಗಿಟಾರ್ ಶುರುವಾಯಿತು. ಏನೋ ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ. ನಿದ್ದೆಯೂ ಬರುತ್ತಿತ್ತು. ಆದರೆ ಆಲ್ಬಂ ಮುಗಿಯುವ ತನಕ ಎದ್ದು ಹೋಗಲಿಲ್ಲ, ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂದೆ. ಅವನಿಗೇ ಆಶ್ಚರ್ಯ.

ಹಾಡಿದವರು ಫಿಲ್ ಕೇಗಿ ಅಂತ, ಅಮೆರಿಕದ ಒಹಾಯೊ ಕಡೆಯವರು, 1951ರಲ್ಲಿ ಹುಟ್ಟಿದವರು. ಆಲ್ಬಂ ಹೆಸರು 'ವಾಟ್ ಎ ಡೇ', 1973ರದ್ದು. ದೊಡ್ಡ ಕಂಪನಿ ಯಾವುದೂ ತಂದಿದ್ದಲ್ಲ, ನ್ಯೂ ಸಾಂಗ್ ಅನ್ನುವ ಸಣ್ಣ ಕಂಪನಿಯದ್ದು. ಗಿಟಾರ್ ಅವರದ್ದೇ, ಬಾಸ್ ಅವರದ್ದೇ, ಡ್ರಮ್ಸ್ ಅವರದ್ದೇ, ಹಾಡಿದ್ದೂ ಅವರೇ. ಆಗ ವಯಸ್ಸು ಇಪ್ಪತ್ತೆರಡರ ಆಸುಪಾಸು. ಅದಕ್ಕೂ ಮೊದಲು ಗ್ಲಾಸ್ ಹಾರ್ಪ್ ಅನ್ನುವ ರಾಕ್ ಬ್ಯಾಂಡ್‌ನಲ್ಲಿದ್ದರು. 1971ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಬ್ಯಾಂಡ್ ಅದು. 1970ರಲ್ಲಿ ಅಮ್ಮ ಕಾರು ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಅಕ್ಕನ ಜೊತೆ ಚರ್ಚಿಗೆ ಹೋಗಿ ಮನಸ್ಸು ಅಲ್ಲಿ ನಿಂತಿತು. ಬ್ಯಾಂಡಿಗೆ ಒಳ್ಳೆಯ ಹೆಸರು ಬರುತ್ತಿದ್ದಾಗಲೇ, 1972ರಲ್ಲಿ, ಬಿಟ್ಟು ಬಂದರು. ಅದಾದ ಮೇಲೆ ಮಾಡಿದ ಮೊದಲ ಆಲ್ಬಂ ಇದು.

ಇನ್ನೊಂದು ವಿಷಯ ತಂಗಿ ಮಗ ಕೊನೆಗೆ ಹೇಳಿದ. ಈ ಮನುಷ್ಯನ ಬಲಗೈಯ ನಡುಬೆರಳು ಅರ್ಧ ಇಲ್ಲ. ಅವರು ನಾಲ್ಕು ವರ್ಷದ ಮಗುವಾಗಿದ್ದಾಗ ನೀರಿನ ಪಂಪಿನ ಹತ್ತಿರ ಆದ ಅಪಘಾತದಲ್ಲಿ ಹೋಗಿದ್ದು. ಕೇಳಿ ನನಗೆ ಒಂಥರಾ ಆಯಿತು. ನಮ್ಮಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಕೆರೆ ದಡದಲ್ಲಿ ಪಂಪ್ ಓಡುತ್ತಿರುತ್ತದೆ, ತೋಟದ ಆಳುಗಳಿರುವ ಲೈನ್ ಮನೆ ಮಕ್ಕಳು ನೋಡೋಕೆ ಅಂತ ಓಡಿ ಬರುತ್ತಾರೆ, ಅವರನ್ನು ಓಡಿಸುವುದೇ ಒಬ್ಬ ಆಳಿನ ಕೆಲಸ. ಗಿಟಾರಿನವರಿಗೆ ಬಲಗೈ ಅಂದರೆ ಮೀಟುವ ಕೈ ಅಲ್ವಾ? ಆ ಅರ್ಧ ಬೆರಳು ಬಿಟ್ಟು ಉಳಿದಿದ್ದರಲ್ಲೇ ಅಷ್ಟು ನುಡಿಸುತ್ತಾರೆ. ಅವರ ಬಗ್ಗೆ ಒಂದು ಕತೆ ಬೇರೆ ಇದೆ, ಹೆಸರಾಂತ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್, ಕೇಗಿಯೇ ಎಲ್ಲರಿಗಿಂತ ದೊಡ್ಡ ಗಿಟಾರ್ ವಾದಕ ಅಂದಿದ್ದರು ಅಂತ. ಜನ ಈಗಲೂ ಹೇಳಿಕೊಂಡು ತಿರುಗುತ್ತಾರೆ. ಅದು ನಿಜ ಅಲ್ಲ ಅಂತ ಕೇಗಿಯವರೇ ಹೇಳಿದ್ದಾರೆ. ಸುಮ್ನೆ ಇದ್ದುಬಿಟ್ಟಿದ್ದರೆ ಯಾರು ಕೇಳುತ್ತಿದ್ದರು?

ಅವರು ಬ್ಯಾಂಡಿನ ಕಾಲದಿಂದಲೂ ಮಾಡುವ ಒಂದು ಕೆಲಸ ಇದೆ. ತಂತಿ ಮೀಟುವಾಗ ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿರುತ್ತಾರೆ. ಮೀಟಿದ ಮೇಲೆ ಕಿರುಬೆರಳಿನಿಂದ ಮೆಲ್ಲಗೆ ತಿರುಗಿಸಿ ಏರಿಸುತ್ತಾರೆ. ಮೀಟಿದ 'ಟಣ್' ಕೇಳಿಸುವುದೇ ಇಲ್ಲ, ಸ್ವರ ಮಾತ್ರ ಎಲ್ಲಿಂದಲೋ ಬಂದು ದೊಡ್ಡದಾಗುತ್ತದೆ, ಪಿಟೀಲಿನ ಹಾಗೆ. ಬೆಳಿಗ್ಗೆ ಆರು ಗಂಟೆಗೆ ಮಂಜಿನಲ್ಲಿ ಜೀಪ್ ಬರುವಾಗ ಮೊದಲು ಲೈಟು ಮಸುಕಾಗಿ ಕಂಡು ಆಮೇಲೆ ಗಾಡಿ ಕಾಣುತ್ತದಲ್ಲ, ಹಾಗೆ. ಪಕ್ಕದ ಮನೆ ಹುಡುಗನ ಗಿಟಾರಿನಲ್ಲಿ ನಾನೂ ಪ್ರಯತ್ನಪಟ್ಟೆ. ಕಿರುಬೆರಳು ಗುಂಡಿಗೆ ತಾಗುವ ಹೊತ್ತಿಗೆ ತಂತಿಯ ಸದ್ದೇ ಸತ್ತಿರುತ್ತಿತ್ತು. ಹುಡುಗ ಬಿದ್ದು ಬಿದ್ದು ನಕ್ಕ.

ಆಲ್ಬಂನಲ್ಲಿ ಕೊರತೆ ಇಲ್ಲ ಅಂತಲ್ಲ. ಡ್ರಮ್ಸ್ ಸಾಧಾರಣ, ಒಬ್ಬರೇ ಎಲ್ಲ ಮಾಡಿದರೆ ಹಾಗೇ. ಸಾಹಿತ್ಯ ಕೆಲವು ಕಡೆ ನೇರ ಪ್ರವಚನ ಆಗಿಬಿಡುತ್ತದೆ. ನಮ್ಮ ದಾಸರು ದೇವರ ಹತ್ತಿರ ಜಗಳ ಆಡುತ್ತಾರೆ, ಹಂಗಿಸುತ್ತಾರೆ, ನನಗೇನು ಕೊಟ್ಟೆ ಅಂತ ಕೇಳುತ್ತಾರೆ. ಅದನ್ನು ಕೇಳಿ ಬೆಳೆದ ಕಿವಿಗೆ ಇಲ್ಲಿಯ ಸಂತೋಷ ಸ್ವಲ್ಪ ಜಾಸ್ತಿ ಸಿಹಿ ಅನ್ನಿಸಿತು. ಅಮ್ಮನನ್ನು ಕಳೆದುಕೊಂಡು ಮೂರು ವರ್ಷ ಆಗಿರುವ ಹುಡುಗ, ಒಂದು ದೂರು ಕೂಡ ಇಲ್ಲವಾ ಅಂತ. ಆದರೆ ಹಾಡು ನಿಂತು ಗಿಟಾರ್ ಒಂದೇ ಹೋಗುವಾಗ ನನಗೆ ಆ ದೂರು ಅಲ್ಲಿ ಕೇಳಿಸಿತು. ತಂಗಿ ಮಗ ಒಪ್ಪಲಿಲ್ಲ, ನಿಮಗೆ ಮಳೆಯಿಂದ ತಲೆ ಕೆಟ್ಟಿದೆ ಅಂದ. ಇರಬಹುದು.

ನಾನು ಚರ್ಚಿಗೆ ಹೋಗುವವನಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಗಂಟೆ ಚಿಕ್ಕಂದಿನಿಂದ ಕೇಳಿದ್ದೇನೆ, ಅಷ್ಟೇ. 1792ರಲ್ಲಿ ನಮ್ಮ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು ಶುರುವಾದ ಚರ್ಚು ಅದು. ಯಾರ ದೇವರು ಅನ್ನುವುದು ಆ ಮಳೆಯಲ್ಲಿ ನನಗೆ ಅಡ್ಡ ಬರಲಿಲ್ಲ.

ಈಗ ಆ ಹಿರಿಯರ ಮಾತಿಗೆ ಬರುತ್ತೇನೆ. ಅವರು ಮೆಚ್ಚುವ ಹಾರ್ಮೋನಿಯಂ ಯುರೋಪಿನಿಂದ ಬಂದಿದ್ದು ಸಾರ್. ಅದು ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಅಂತ ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನು ಹೊರಗೇ ಇಟ್ಟಿದ್ದರು, ಮೂವತ್ತು ವರ್ಷಕ್ಕೂ ಮೇಲೆ. ಈಗ ಅದಿಲ್ಲದೆ ಭಜನೆ ಇಲ್ಲ. ಇನ್ನು ರಾಕ್ ವಿಷಯ. ಅಮೆರಿಕದಲ್ಲಿ ಸಿಸ್ಟರ್ ರೊಸೆಟಾ ಥಾರ್ಪ್ ಅಂತ ಒಬ್ಬ ಹೆಣ್ಣುಮಗಳು ಇದ್ದರು. ಚರ್ಚಿನ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರ್ ಹಿಡಿದು 1940ರ ದಶಕದಲ್ಲೇ ಹಾಡಿದವರು, ರಾಕ್ ಹಾಡಿನ ರಾಜ ಅನ್ನಿಸಿಕೊಂಡ ಎಲ್ವಿಸ್ ಪ್ರೀಸ್ಲಿ ಹೆಸರು ಯಾರೂ ಕೇಳುವ ಮೊದಲೇ. ಆಗಲೂ ಚರ್ಚಿನ ಕೆಲವರು ಮುಖ ಸಿಂಡರಿಸಿದ್ದರು. 2018ರಲ್ಲಿ ಅವರನ್ನು ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು, ತೀರಿಕೊಂಡು ನಲವತ್ತೈದು ವರ್ಷ ಆದ ಮೇಲೆ. ನಮ್ಮಲ್ಲೇ ನೋಡಿ, ರಘು ದೀಕ್ಷಿತ್ 2008ರಲ್ಲಿ ತಂದ ಮೊದಲ ಆಲ್ಬಂನಲ್ಲಿ ಶಿಶುನಾಳ ಷರೀಫರ ತತ್ವಪದ ಗಿಟಾರ್ ಜೊತೆ ಬಂತು. ಕಾಲೇಜು ಹುಡುಗರ ಬಾಯಲ್ಲಿ ಷರೀಫಜ್ಜ ಬಂದರು. ಅದರಿಂದ ಷರೀಫಜ್ಜನಿಗೆ ಏನು ನಷ್ಟ?

ಕೊಡಗಿನಲ್ಲಿ ನಾಲ್ಕು ಜನ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಕೂತು ರಾತ್ರಿಯಿಡೀ ಹಾಡುತ್ತಿದ್ದರು. ಈಗ ಮದುವೆಗಳಲ್ಲಿ ವಾಲಗ ಇದೆ, ಕುಣಿತ ಇದೆ, ಹಾಡುವವರು ಕಡಿಮೆ. ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ' ಅನ್ನುವ ಪುಸ್ತಕದಲ್ಲಿ ಆ ಹಾಡುಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿರದಿದ್ದರೆ ಎಷ್ಟೋ ಹೋಗಿಬಿಡುತ್ತಿದ್ದವು. ಯಾವನೋ ಹುಡುಗ ಗಿಟಾರ್ ಹಿಡಿದು ಅದರಲ್ಲೊಂದು ಹಾಡುತ್ತೇನೆ ಅಂದರೆ ನಾನು ಕುರ್ಚಿ ಹಾಕಿ ಕೂರಿಸುತ್ತೇನೆ.

ಸಂಪಾದಕರೇ, ನಿಮಗೊಂದು ಮಾತು. ಪುರವಣಿಯಲ್ಲಿ ಪ್ರತಿ ವಾರ ಸಿನಿಮಾ ಹಾಡಿನ ಬಗ್ಗೆ ಪುಟಗಟ್ಟಲೆ ಬರುತ್ತದೆ. ಬೇಡ ಅನ್ನುವುದಿಲ್ಲ. ಅದರಲ್ಲಿ ಅರ್ಧ ಕಾಲಂ ಸಿನಿಮಾದವರ ಹಂಗಿಲ್ಲದೆ ತಮ್ಮ ಪಾಡಿಗೆ ಹಾಡು ಮಾಡುವವರಿಗೆ ಕೊಡಿ. ಹಳೆಯದಾದರೂ ಸರಿ, ಬೇರೆ ದೇಶದ್ದಾದರೂ ಸರಿ. ನಮ್ಮಂಥವರಿಗೆ ಇಂಥದ್ದೊಂದು ಇದೆ ಅಂತ ಗೊತ್ತಾಗುವುದು ಹೇಗೆ? ಎಲ್ಲರಿಗೂ ತಂಗಿ ಮಗ ಇರುವುದಿಲ್ಲ.

ಪತ್ರ ಬರೆದ ಆ ಹಿರಿಯರು ವಿರಾಜಪೇಟೆ ಕಡೆ ಬಂದರೆ ಖಂಡಿತ ನಮ್ಮ ಮನೆಗೆ ಬರಲಿ. ಕಾಫಿ ನಮ್ಮ ತೋಟದ್ದೇ. ಸ್ಪೀಕರ್ ಚಾರ್ಜ್ ಮಾಡಿ ಇಟ್ಟಿರುತ್ತೇನೆ, ಅವರು ಹಾರ್ಮೋನಿಯಂ ತಂದರೂ ಸಂತೋಷವೇ.

ಇಂತಿ,
ಒಬ್ಬ ಕಾಫಿ ಬೆಳೆಗಾರ, ವಿರಾಜಪೇಟೆ