ದಾನಕ್ಕೂ ತಿಂಗಳ ಕಂತು!

ಮಾನ್ಯ ಸಂಪಾದಕರೇ,

ನಮ್ಮ ದಾವಣಗೆರೆಯ ರಾಮ್ ಅಂಡ್ ಕೋ ವೃತ್ತದಲ್ಲಿ ಟ್ಯಾಬ್ ಹಿಡಿದು ದೇಣಿಗೆ ಎತ್ತುವ ಹುಡುಗರನ್ನು ನಿಮ್ಮ ಪತ್ರಿಕೆ ಮೊನ್ನೆ ಫೋಟೊ ಸಮೇತ ಹೊಗಳಿದೆ. ಅವರಿಗೆ ದುಡ್ಡು ಕೊಟ್ಟವರು ‘ಯುವ ದಾನಿಗಳು’ ಅಂತೆ. ಆ ದಾನಿಗಳಲ್ಲಿ ಒಬ್ಬಳು ನನ್ನ ಮಗಳು. ದುಡ್ಡು ಮಾತ್ರ ನನ್ನದು.

ಕಾಲೇಜು ಮುಗಿಸಿ ಗೆಳತಿಯರ ಜೊತೆ ಬೆಣ್ಣೆದೋಸೆಗೆ ಹೊರಟವಳನ್ನು ‘ಒಂದೇ ನಿಮಿಷ ಸಿಸ್ಟರ್’ ಎಂದು ನಿಲ್ಲಿಸಿದ್ದಾರೆ. ಪರದೆ ಮೇಲೆ ಮಗುವಿನ ಫೋಟೊ, ಕೆಳಗೆ 500, 800, 1000 ಎಂದು ಮೂರು ಚೌಕ. ಐವತ್ತೋ ನೂರೋ ಕೊಡುತ್ತೇನೆಂದರೆ ಅದಕ್ಕೆ ಚೌಕವೇ ಇಲ್ಲ! ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ದಾಳೆ. ಅದು ಯುಪಿಐ ಆಟೋ ಪೇ, ತಿಂಗಳು ತಿಂಗಳು ಕಡಿತವಾಗುತ್ತದೆ ಎಂದು ತಿಳಿದದ್ದು ಎರಡನೇ ಸಲ ದುಡ್ಡು ಹೋದಾಗ. ಒಮ್ಮೆ ಒಪ್ಪಿದರೆ ಮುಗಿಯಿತು, 15,000 ರೂಪಾಯಿವರೆಗಿನ ಕಡಿತಕ್ಕೆ ಮತ್ತೆ ಪಿನ್ ಕೇಳುವುದಿಲ್ಲ. 24 ಗಂಟೆ ಮೊದಲೇ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ತಿಳಿಸಿದ್ದಾರೆ, ಇಂಗ್ಲಿಷಿನಲ್ಲಿ, ಸಾಲದ ಜಾಹೀರಾತುಗಳ ರಾಶಿಯೊಳಗೆ.

ನಮ್ಮಿಬ್ಬರದು ಜಂಟಿ ಖಾತೆ. ಸಿಲಿಂಡರ್ ತಂದವನಿಗೆ ದುಡ್ಡು ಕಳಿಸಲು ಹೋದರೆ ಬ್ಯಾಲೆನ್ಸ್ ಸಾಲದು. ಅವನು ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಾನೆ, ಪಕ್ಕದ ಮನೆಯವರ ಹತ್ತಿರ ಕೈಗಡ ಕೇಳಿದ್ದಾಯಿತು. ಬ್ಯಾಂಕಿನಲ್ಲಿ ‘ಆ್ಯಪ್‌ನಲ್ಲೇ ರದ್ದು ಮಾಡ್ಕೊಳ್ಳಿ ಸರ್’ ಎಂದರು. ಸಹಾಯವಾಣಿಯಲ್ಲಿ ಹಿಂದಿ, ಒಂದು ಒತ್ತಿ, ಎರಡು ಒತ್ತಿ, ನಡುವೆ ಸಂಗೀತ. ಹೇಗೋ ರದ್ದಾಯಿತು ಅನ್ನಿ. ಈಗ ‘ನಿಮ್ಮ ಮಗುವನ್ನು ಕೈಬಿಡಬೇಡಿ’ ಎಂದು ದಿನಾ ವಾಟ್ಸ್ಆ್ಯಪ್.

ಸಾಲದ್ದಕ್ಕೆ ದೇಣಿಗೆ ಕೊಟ್ಟು ತೆರಿಗೆ ಉಳಿಸಿ ಎಂಬ ಆಸೆ ಬೇರೆ. ಬಿ.ಕಾಂ. ಓದುವ ಹುಡುಗಿಗೆ ಯಾವ ಆದಾಯ, ಯಾವ ತೆರಿಗೆ? ಹೊಸ ತೆರಿಗೆ ಪದ್ಧತಿಯಲ್ಲಿರುವ ನನ್ನಂಥವರಿಗಂತೂ ಆ ವಿನಾಯಿತಿಯೇ ಇಲ್ಲ.

ದಾನವೇ ಬೇಡ ಎನ್ನುತ್ತಿಲ್ಲ. ದುಗ್ಗಮ್ಮನ ಜಾತ್ರೆಗೆ ಪಟ್ಟಿ ಎತ್ತುವವರು ಎದುರಿಗೇ ರಸೀದಿ ಹರಿದು ಕೊಡುತ್ತಾರೆ. ಲೆಕ್ಕ ಕೇಳಬೇಕೆಂದರೆ ಅವರ ಮನೆ ಗೊತ್ತು. ಇವರನ್ನು ಕೇಳಿದೆ, ‘ನಾವು ಏಜೆನ್ಸಿಯೋರು ಅಂಕಲ್, ಟಾರ್ಗೆಟ್ ಇರುತ್ತೆ’ ಎಂದರು. ಪಾಪ, ಅವರದೂ ಹೊಟ್ಟೆಪಾಡು.

ಆದರೆ ಫುಟ್‌ಪಾತ್ ಮೇಲೆ ಮೇಜು, ಛತ್ರಿ ಹಾಕಲು ಅನುಮತಿ ಕೊಟ್ಟವರಾರು? ಸೊಪ್ಪು ಮಾರುವ ಅಜ್ಜಿಯನ್ನು ಎಬ್ಬಿಸಲು ಜೀಪಿನಲ್ಲಿ ಬರುವ ಅಧಿಕಾರಿಗಳಿಗೆ ಈ ಛತ್ರಿ ಕಾಣುವುದಿಲ್ಲವೇ? 2016ರಲ್ಲೇ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ಊರು ನಮ್ಮದು. ನಮ್ಮ ಬೀದಿಯ ಚರಂಡಿಗೆ ಮಾತ್ರ ಇವತ್ತಿಗೂ ಮುಚ್ಚಳವಿಲ್ಲ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ನೀರು ಬಿಡುವವನಿಗೇ ಗೊತ್ತಿಲ್ಲ. ಕೇಳಲು ಹೋದರೆ ಸಾಹೇಬರು ಸದಾ ಮೀಟಿಂಗ್‌ನಲ್ಲಿ.

ಪೊಲೀಸರೋ, ಬ್ಯಾಂಕಿನವರೋ, ಜಿಲ್ಲಾಡಳಿತವೋ, ಯಾರಾದರೂ ಸರಿ, ಈ ಟ್ಯಾಬ್‌ನವರಿಗೆ ಕಡಿವಾಣ ಹಾಕಲಿ. ಹಾಗೆಯೇ ಆ ಚರಂಡಿಗೂ ನಾಲ್ಕು ಚಪ್ಪಡಿ ಹಾಕಿಸಲಿ. ನೀವೂ ಅಷ್ಟೇ, ಇನ್ನೊಮ್ಮೆ ಹೊಗಳುವ ಮುಂಚೆ ಆ ಪರದೆಯನ್ನು ಕೊನೆಯ ಸಾಲಿನವರೆಗೆ ಓದಿ.

– ನೊಂದ ತಂದೆ, ವಿದ್ಯಾನಗರ, ದಾವಣಗೆರೆ