ಚಹಾದ ಹೊತ್ತಿಗೆ ಎದ್ದು ಹೋಗಬೇಡ

ಗದಗ-ಬೆಟಗೇರಿ
ಗುರುವಾರ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡವ್ವ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಮನೆಯ ಸಂಗತಿಯಾಗಲಿ, ನಿನ್ನ ಪಗಾರ ತಿಂಗಳ ಮೊದಲ ವಾರದಲ್ಲಿಯೇ ಎಲ್ಲೆಲ್ಲಿಗೆ ಹಂಚಿಹೋಗುತ್ತದೆಂಬುದಾಗಲಿ ನಮ್ಮಿಬ್ಬರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ತಿರುಗಿ ಬರೆಯುವುದಿಲ್ಲ. ಪತ್ರದ ಕೊನೆಯಲ್ಲಿ, ಬೇರೆ ಮಾತುಗಳ ನಡುವೆ ಸಿಕ್ಕಿಸಿದಂತೆ ನೀನು ಬರೆದ ಒಂದು ಸಾಲು ಮೂರು ದಿನಗಳಿಂದ ನನ್ನನ್ನು ಬಿಟ್ಟಿಲ್ಲ. "ಚಹಾ ಬರುವ ಹೊತ್ತಿಗೆ ನಾನು ಫೋನು ಹಿಡಿದುಕೊಂಡು ಮೆಟ್ಟಿಲ ಕಡೆಗೆ ಹೋಗಿಬಿಡುತ್ತೇನೆ, ಎಲ್ಲರದೂ ಕುಡಿದು ಮುಗಿದ ಮೇಲೆ ಬಂದು ಕೂಡುತ್ತೇನೆ" ಎಂದು ಬರೆದಿರುವೆ. ತಿಂಗಳಿಗೆ ನಾಲ್ಕುನೂರು ರೂಪಾಯಿಯ ಚಹಾದ ವಂತಿಗೆ ಭಾರವಾಗುತ್ತದೆ ಎಂದಷ್ಟೇ ನೀನು ಬರೆದಿದ್ದರೆ ನಾನು ಇಷ್ಟು ಕಳವಳಪಡುತ್ತಿರಲಿಲ್ಲ. ದುಡ್ಡಿನ ಅಡಚಣೆಗೆ ಏನಾದರೊಂದು ದಾರಿ ಸಿಗುತ್ತದೆ. ನನಗೆ ಹೆದರಿಕೆ ಹುಟ್ಟಿಸಿದ್ದು ಆ ಮೆಟ್ಟಿಲು.

ನಿಮ್ಮ ಕಚೇರಿಯ ಪದ್ಧತಿ ನೀನು ಬರೆದದ್ದರಿಂದ ನನಗೆ ಚೆನ್ನಾಗಿ ತಿಳಿಯಿತು. ಕೆಳಗಿನ ಅಂಗಡಿಯಿಂದ ದಿನಕ್ಕೆ ಎರಡು ಸಲ ಉದ್ರಿಯ ಮೇಲೆ ಚಹಾ ಕಾಫಿ ಬರುತ್ತದೆ, ತಿಂಗಳ ಕೊನೆಗೆ ಒಟ್ಟು ಬಾಕಿಯನ್ನು ತಲೆಗೆ ಇಷ್ಟೆಂದು ಸಮನಾಗಿ ಹಂಚುತ್ತಾರೆ. ದಿನಕ್ಕೆ ಒಂದು ಅರ್ಧ ಚಹಾ ಕುಡಿಯುವ ನಿನಗೂ, ಎರಡು ಹೊತ್ತು ತುಂಬಿದ ಕಾಫಿ ಕುಡಿಯುವವರಿಗೂ ಒಂದೇ ಲೆಕ್ಕ. ಇದು ಸರಿಯಲ್ಲವೆಂದು ನಿನಗೆ ಅನ್ನಿಸುವುದು ಸಹಜವೇ. ನಮ್ಮ ಕಡೆ ದಿನದಿನದ್ದು ಚಹಾ. ಕಾಫಿ ಯಾವಾಗಲೂ ಒಂದಿಷ್ಟು ತುಟ್ಟಿ. ಆದರೂ ಲೆಕ್ಕ ಇಟ್ಟವರ ಮನಸ್ಸಿನಲ್ಲಿ ದುರುದ್ದೇಶ ಇದೆಯೆಂದು ತಿಳಿಯಬೇಡ. ತಲೆಲೆಕ್ಕ ಸುಲಭ, ಕಪ್ಪಿನ ಲೆಕ್ಕ ಕಿರಿಕಿರಿ, ಅದಕ್ಕಾಗಿ ಹಾಗೆ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ.

ಹಣ ಕೊಟ್ಟವರ ಹೆಸರಿನ ಮುಂದೆ ವಾಟ್ಸಾಪ್ ಗುಂಪಿನಲ್ಲಿ ಸರಿ ಗುರುತು ಹಾಕುತ್ತಾರೆ, ನಿನ್ನ ಹೆಸರಿನ ಮುಂದೆ ಎರಡು ತಿಂಗಳಿಂದ ಖಾಲಿ ಇದೆ ಎಂದು ಓದಿದಾಗ ನನ್ನ ಕೈಯಲ್ಲಿದ್ದ ಕಾಗದ ನಡುಗಿತು. ಆ ಪಟ್ಟಿಯನ್ನು ನಾನು ಬಲ್ಲೆ. ನನ್ನ ಕೈಯಿಂದಲೇ ಅಂಥದೊಂದನ್ನು ಬರೆದು ಗೋಡೆಗೆ ಅಂಟಿಸಿದ್ದೆ. ನಿನ್ನ ಅವ್ವನಿಗೂ ನಾನು ಇದನ್ನು ಹೇಳಿದವಳಲ್ಲ.

1993ರ ಮಾತು. ಆಗ ನಾನು ಹಾವೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿದ್ದೆ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ಎಲ್ಲವೂ ಧಾರವಾಡ ಜಿಲ್ಲೆಯೇ. ಶಿಕ್ಷಕರ ಕೊಠಡಿಯ ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟೋವು ಇತ್ತು. ದೊಡ್ಡ ಬಿಡುವಿನಲ್ಲಿ ಸಿಪಾಯಿ ಒಂದು ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಬೆರೆಸಿ ಚಹಾ ಮಾಡುತ್ತಿದ್ದ, ಹದಿಮೂರು ಮಂದಿ ಶಿಕ್ಷಕರಿಗೂ ಅವನಿಗೂ ಸರಿಯಾಗಿ ಸಾಲುತ್ತಿತ್ತು. ಕಾಲು ಕಿಲೋ ಚಹಾಪುಡಿಗೆ ನೂರು ಕಪ್ಪು, ಒಂದು ಕಿಲೋ ಸಕ್ಕರೆಗೂ ಹೆಚ್ಚು ಕಡಿಮೆ ನೂರೇ ಕಪ್ಪು ಎಂಬುದು ನನ್ನ ಬಾಯಿಪಾಠವಾಗಿತ್ತು, ಏಕೆಂದರೆ ವಂತಿಗೆ ಕೂಡಿಸಿ ಲೆಕ್ಕ ಬರೆಯುವ ಕೆಲಸ ನನ್ನದು. ತಿಂಗಳಿಗೆ ತಲೆಗೆ ಇಪ್ಪತ್ತು ರೂಪಾಯಿ. ಒಂದು ರೂಪಾಯಿ ಆಚೆ ಈಚೆ ಆಗದಂತೆ ಲೆಕ್ಕ ಇಡುವುದರಲ್ಲಿ ನನಗೆ ಬಹಳ ಅಭಿಮಾನವಿತ್ತು.

ಆ ವರ್ಷ ಜೂನ್‌ನಲ್ಲಿ ನಿನ್ನ ವಯಸ್ಸಿನವಳೇ ಆದ ಒಬ್ಬ ಹುಡುಗಿ ತಾತ್ಪೂರ್ತಿಕ ಶಿಕ್ಷಕಿಯಾಗಿ ಬಂದಳು. ಅವಳ ಪಗಾರ ತಿಂಗಳಿಗೆ ಸರಿಯಾಗಿ ಕೈಗೆ ಬರುತ್ತಿರಲಿಲ್ಲ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಅವಳು ಎಲ್ಲರೊಂದಿಗೆ ಚಹಾ ಕುಡಿದಳು, ವಂತಿಗೆ ಕೊಡಲಿಲ್ಲ. ನಾನು ಅವಳನ್ನು ಒಂದು ಕಡೆಗೆ ಕರೆದು ಕೇಳಬಹುದಾಗಿತ್ತು. ಕೇಳಲಿಲ್ಲ. ಒಬ್ಬರನ್ನೇ ಕರೆದು ಕೇಳುವುದು ಪಕ್ಷಪಾತವಾದೀತು, ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿದರೆ ಯಾರಿಗೂ ಅನ್ಯಾಯವಿಲ್ಲ ಎಂದುಕೊಂಡು ಹದಿಮೂರು ಹೆಸರುಗಳನ್ನು ಅಂದವಾಗಿ ಬರೆದು, ಕೊಟ್ಟವರ ಮುಂದೆ ಸರಿ ಗುರುತು ಹಾಕಿ, ಕಪಾಟಿನ ಪಕ್ಕದ ಗೋಡೆಗೆ ಅಂಟಿಸಿದೆ. ಹನ್ನೆರಡು ಹೆಸರುಗಳ ಮುಂದೆ ಗುರುತು ಇದ್ದವು.

ಸೆಪ್ಟೆಂಬರ್‌ನಿಂದ ಅವಳು ಬಿಡುವಿನಲ್ಲಿ ಒಳಗೆ ಬರುವುದನ್ನು ಬಿಟ್ಟಳು. ಮಕ್ಕಳ ವಹಿಗಳನ್ನು ಎತ್ತಿಕೊಂಡು ಹೋಗಿ ಬಯಲಿನ ಬೇವಿನ ಮರದ ಕೆಳಗೆ ಕೂತು ತಿದ್ದುತ್ತಿದ್ದಳು. ಎಂಥ ಕಷ್ಟಜೀವಿ ನೋಡಿರಿ ಎಂದು ನಾನು ಉಳಿದವರ ಮುಂದೆ ಅವಳನ್ನು ಹೊಗಳಿದ್ದೂ ಉಂಟು. ಅವಳು ಎದ್ದು ಹೋದದ್ದು ನನ್ನ ಕಾಗದದಿಂದ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಿಮ್ಮ ಕಚೇರಿಯವರಿಗೂ ಹೊಳೆದಿರಲಿಕ್ಕಿಲ್ಲ ಮಗಳೇ. ಅವರು ನಿನಗೆ ದಿನಾಲೂ ಯಾರದೋ ಫೋನು ಬರುತ್ತದೆಂದು ತಿಳಿದಿರಬಹುದು.

ಅದೇ ದಿನಗಳಲ್ಲಿ ನಾನು ಒಂಬತ್ತನೆಯ ತರಗತಿಗೆ ಸಹಕಾರ ಚಳವಳಿಯ ಪಾಠ ಮಾಡುತ್ತಿದ್ದೆ. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷವೇ ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ಕತೆಯನ್ನು ನಾನು ತವರಿನ ಅಭಿಮಾನದಿಂದ ಹೇಳುತ್ತಿದ್ದೆ. ಕೈಯಲ್ಲಿ ಇಲ್ಲದ ಹೊತ್ತಿಗೆ ಒಬ್ಬರಿಗೊಬ್ಬರು ಆಗುವುದಕ್ಕಾಗಿ ಜನ ಹಣ ಕೂಡಿಸುತ್ತಾರೆ ಎಂದು ಕರಿಹಲಗೆಯ ಮೇಲೆ ಬರೆದು, ಗಂಟೆ ಹೊಡೆದ ಮೇಲೆ ಹೋಗಿ ಆ ಗೋಡೆಯ ಪಕ್ಕದಲ್ಲಿಯೇ ಕೂತು ಚಹಾ ಕುಡಿದೆ. ಬೇವಿನ ಮರ ಕಿಟಕಿಯಿಂದ ಕಾಣುತ್ತಿತ್ತು.

ಡಿಸೆಂಬರ್ ಕೊನೆಗೆ ಅವಳು ಕೆಲಸ ಬಿಟ್ಟಳು. ಹೊರಡುವ ದಿನ ನನ್ನ ಕೈಗೆ ಒಂದು ಲಕೋಟೆ ಕೊಟ್ಟಳು. ಏಳು ತಿಂಗಳ ಲೆಕ್ಕಕ್ಕೆ ನೂರಾ ನಲವತ್ತು ರೂಪಾಯಿ ಇತ್ತು. ಅವಳು ಚಹಾ ಕುಡಿದದ್ದು ಮೂರೇ ತಿಂಗಳು, ಕೊಡಬೇಕಾದದ್ದು ಅರವತ್ತು. ನಾನು ಎಣಿಸಿಕೊಂಡೆ, ಸರಿ ಇದೆ ಎಂದೆ, ಪಟ್ಟಿಯಲ್ಲಿ ಏಳು ಗುರುತು ಹಾಕಿದೆ. ಅವಳು ನಮಸ್ಕಾರ ಮಾಡಿ ಹೋದಳು. ಎಂಬತ್ತು ರೂಪಾಯಿಯನ್ನು ತಿರುಗಿ ಕೊಡಬೇಕೆಂಬುದು ನನಗೆ ತೋಚಿದ್ದು ಆ ರಾತ್ರಿ ಅಡುಗೆ ಮಾಡುವಾಗ. ಆಮೇಲೆ ಅವಳ ವಿಳಾಸವನ್ನು ಎಷ್ಟು ಕೇಳಿದರೂ ಯಾರಲ್ಲಿಯೂ ಸಿಗಲಿಲ್ಲ.

ನಿನಗೆ ಹಣ ಕಳಿಸೋಣವೆಂದು ನಿನ್ನೆ ಒಂದು ಲಕೋಟೆಯನ್ನು ತೆಗೆದಿಟ್ಟೆ, ಆಮೇಲೆ ಹಾಗೆಯೇ ಒಳಗಿಟ್ಟೆ. ನೀನು ನನ್ನಿಂದ ತೆಗೆದುಕೊಳ್ಳುವವಳಲ್ಲ, ಮತ್ತು ಇದು ನಾಲ್ಕುನೂರು ರೂಪಾಯಿಯಿಂದ ತೀರುವ ಮಾತೂ ಅಲ್ಲ. ಮೆಟ್ಟಿಲಿಗೆ ಹೋಗುವುದು ರೂಢಿಯಾಗಿಬಿಟ್ಟರೆ, ನಾಳೆ ಕೈಯಲ್ಲಿ ದುಡ್ಡು ಇದ್ದಾಗಲೂ ನೀನು ಎದ್ದು ಹೋಗುವೆ. ಕರೆಯುವವರು ನಾಲ್ಕು ದಿನ ಕರೆದು ಐದನೆಯ ದಿನ ಸುಮ್ಮನಾಗುತ್ತಾರೆ. ನನ್ನ ಭಯ ಇದೊಂದೇ.

ಏನು ಮಾಡಬೇಕೆಂದು ಹೇಳಲು ನನಗೆ ಎಷ್ಟರ ಅಧಿಕಾರವಿದೆಯೋ ತಿಳಿಯದು, ಈಗಿನ ಕಚೇರಿಗಳ ರೀತಿಯೂ ನನಗೆ ಹೊಸದು. ಆದರೂ ಲೆಕ್ಕ ಇಟ್ಟವಳಾಗಿ ಒಂದು ಮಾತು ಹೇಳಬಲ್ಲೆ: ಆ ಹುಡುಗಿ ನನ್ನ ಹತ್ತಿರ ಬಂದು "ಪಗಾರ ಆಗಿಲ್ಲ, ಆದ ಮೇಲೆ ಕೊಡುತ್ತೇನೆ" ಎಂದು ಒಂದು ಸಲ ಅಂದಿದ್ದರೆ ನಾನು ಗೋಡೆಯ ಹತ್ತಿರ ಹೋಗುತ್ತಿರಲಿಲ್ಲ. ತಪ್ಪು ನನ್ನದೇ, ಅವಳದೆಂದು ಹೇಳುತ್ತಿಲ್ಲ. ನಿಮ್ಮಲ್ಲಿ ಲೆಕ್ಕ ಇಡುವವರನ್ನು ಗುಂಪಿನ ಹೊರಗೆ, ಒಬ್ಬರೇ ಇದ್ದಾಗ ಕಂಡು, ಇನ್ನು ಮುಂದೆ ನನ್ನದನ್ನು ಕಪ್ಪಿನ ಲೆಕ್ಕಕ್ಕೆ ಹಿಡಿಯಿರೆಂದು ಕೇಳಿ ನೋಡು. ಹೆಸರಿನ ಮುಂದೆ ದಿನಕ್ಕೊಂದು ಗೆರೆ ಎಳೆದರೆ ಮುಗಿಯಿತು, ಅಂಗಡಿಯವನ ವಹಿಯೂ ಕಪ್ಪಿನ ಲೆಕ್ಕದಲ್ಲಿಯೇ ಇರುತ್ತದೆ. ಹಿಂದಿನ ಎರಡು ತಿಂಗಳ ಬಾಕಿಯನ್ನು ಎರಡು ಕಂತಿನಲ್ಲಿ ಕೊಡುತ್ತೇನೆಂದು ಹೇಳು. ಅವರು ಒಪ್ಪದಿದ್ದರೆ ಏನು ಮಾಡಬೇಕೆಂಬುದು ನನಗೂ ಸ್ಪಷ್ಟವಿಲ್ಲ. ಆಗ ನೀರಿನ ಲೋಟ ಹಿಡಿದುಕೊಂಡಾದರೂ ಅಲ್ಲಿಯೇ ಕೂಡು. ಹಿಂದೆ ನಾವು ಒಂದು ಕಪ್ಪು ಚಹಾವನ್ನು ಬಸಿಗೆ ಅರ್ಧ ಸುರಿದು ಇಬ್ಬರು ಕುಡಿಯುತ್ತಿದ್ದೆವು, ಈಗಿನ ಕಾಗದದ ಕಪ್ಪಿಗೆ ಬಸಿಯೇ ಇಲ್ಲ. ಪಕ್ಕದಲ್ಲಿ ಕೂಡುವವಳು ಅರ್ಧ ಕೊಡಲು ಬಂದರೆ ಬೇಡವೆನ್ನಬೇಡ. ಕಚೇರಿಯ ಕೆಲಸಕ್ಕೆ ಬಂದವರಿಗೆ ತರಿಸುವ ಚಹಾ ನಿಮ್ಮ ವಂತಿಗೆಯಲ್ಲಿ ಸೇರುತ್ತಿದ್ದರೆ ಅದನ್ನು ಬೇರೆ ಮಾಡಬೇಕೆಂದು ಯಾರಾದರೂ ಹಿರಿಯರು ಹೇಳಬೇಕು, ಹೊಸಬಳಾದ ನೀನು ಹೇಳುವುದು ಈಗ ಬೇಡ. ಮುಂದೆ ಎಂದಾದರೂ ಆ ಲೆಕ್ಕ ನಿನ್ನ ಕೈಗೆ ಬಂದರೆ, ಬಾಕಿ ಇದ್ದವರ ಹೆಸರನ್ನು ನಿನ್ನ ವಹಿಯಲ್ಲಿ ಮಾತ್ರ ಬರೆದುಕೋ.

ಈ ಪತ್ರಕ್ಕೆ ಉದ್ದನೆಯ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ಸೋಮವಾರ ಚಹಾ ಬಂದಾಗ ನೀನು ಎಲ್ಲಿ ಕೂತಿದ್ದೆ, ಪಕ್ಕದಲ್ಲಿ ಯಾರಿದ್ದರು ಎಂಬ ಎರಡು ಸಾಲು ಬರೆದು ಹಾಕು. ಅದು ಬರುವವರೆಗೆ ನನ್ನ ಜೀವ ಅಲ್ಲಿಯೇ ಇರುತ್ತದೆ.

ನಿನ್ನ ದೊಡ್ಡವ್ವ